ಮಾಲೀಕರ ಹೆಸರು

ಚನ್ನಪಟ್ಟಣದಲ್ಲಿ ನನ್ನ ತಂಗಿಗೆ ಒಂದು ಬೊಂಬೆ ಅಂಗಡಿ ಇದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ನೀವು ಎಂದಾದರೂ ಬಸ್ಸಿನಲ್ಲಿ ಹೋಗಿದ್ದರೆ ಅದನ್ನು ನೋಡಿಯೇ ಇರುತ್ತೀರಿ. ಅದನ್ನಲ್ಲದಿದ್ದರೆ ಅದರಂಥದೇ ಇನ್ನೊಂದನ್ನು. ಬಾಗಿಲಲ್ಲಿ ಸಾಲಾಗಿ ನಿಂತ ತೂಗುವ ಕುದುರೆಗಳು, ಮೇಲೆ ದಾರಕ್ಕೆ ನೇತುಬಿದ್ದ ಗಿಲಕಿಗಳು, ಒಳಗೆ ಗಾಜಿನ ಬೀರುವಿನಲ್ಲಿ ಬಳೆ, ಬುಗುರಿ, ತಲೆಯಾಡಿಸುವ ಅಜ್ಜ ಅಜ್ಜಿ. ಹಿಂದಿನ ಶೀಟಿನ ಮನೆಯಲ್ಲಿ ಎರಡು ಲೇತುಗಳಿವೆ. ಆಲೆಮರದ ತುಂಡು ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು. ಆ ಕೆಲಸ ಅವಳ ಮೈದುನನದು. ಮೊದಲು ಅಣ್ಣ ತಮ್ಮ ಇಬ್ಬರೂ ಕೂತು ಮಾಡುತ್ತಿದ್ದರು. ಕಣ್ಣು, ಮೀಸೆ, ತಿಲಕ ಬರೆಯುವುದು ನನ್ನ ತಂಗಿ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಬೊಂಬೆಗಳಿಗೆ ಕಣ್ಣು ಕೊಟ್ಟಿದ್ದಾಳೋ ಅವಳಿಗೇ ಗೊತ್ತಿಲ್ಲ.

ಆಮೇಲೆ ದೊಡ್ಡ ರಸ್ತೆ ಬಂತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದಕ್ಕೆ ಮುಂಚೆಯೇ ಬೈಪಾಸಿನಲ್ಲಿ ಕಾರುಗಳನ್ನು ಬಿಟ್ಟಿದ್ದರು. ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗೆ ಬಿಟ್ಟು ಕಾರುಗಳು ಹಾರಿಹೋದವು. ಮೈಸೂರಿಗೆ ಬೇಗ ಮುಟ್ಟುವುದು ಒಳ್ಳೆಯದೇ, ನಾನೂ ಹೋಗಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಇಡ್ಲಿ ತಿನ್ನಲು ನಿಲ್ಲಿಸಿ, ಮಗು ಹಠ ಮಾಡಿತೆಂದು ಕುದುರೆ ಕೊಳ್ಳುತ್ತಿದ್ದ ಜನ ಆ ರಸ್ತೆಯಲ್ಲಿ ನಿಲ್ಲಿಸುವುದೆಲ್ಲಿ? ಭಾನುವಾರ ಊಟಕ್ಕೂ ಏಳಲಾಗದಷ್ಟು ವ್ಯಾಪಾರವಿದ್ದ ಅಂಗಡಿಯಲ್ಲಿ ನನ್ನ ತಂಗಿ ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದನ್ನು ನಾನೇ ನೋಡಿದೆ.

ಆಗ, 2024ರ ಜೂನಿನಲ್ಲಿ, ಪುಣೆಯಿಂದ ಒಂದು ಫೋನು ಬಂತು. ಪ್ರತಿ ಬೇಸಿಗೆಯಲ್ಲೂ ಮೈಸೂರಿಗೆ ಹೋಗುವಾಗ ಅಂಗಡಿಗೆ ಬರುತ್ತಿದ್ದ ಕನ್ನಡದ ಹೆಂಗಸು. ಮಗಳ ಹುಟ್ಟುಹಬ್ಬಕ್ಕೆ ಬರುವ ಮಕ್ಕಳಿಗೆ ಕೊಡಲು ನಲವತ್ತು ಬುಗುರಿ, ನಲವತ್ತು ಗಿಲಕಿ ಬೇಕು. "ಕ್ರೆಡಿಟ್ ಕಾರ್ಡಲ್ಲಿ ಕಟ್ಟಬೇಕು ಅಂತಿದ್ದೀನಿ, ಒಂದು ಲಿಂಕ್ ಕಳಿಸಿ" ಎಂದರಂತೆ. ನನ್ನ ತಂಗಿ ಆಯಿತೆಂದು ಹೇಳಿ ಫೋನಿಟ್ಟು ನನಗೆ ಫೋನು ಮಾಡಿದಳು. "ಅಕ್ಕ, ಲಿಂಕ್ ಅಂದ್ರೆ ಎಲ್ಲಿ ಸಿಗುತ್ತೆ?"

ನಾನು ಸಮಾಜ ವಿಜ್ಞಾನದ ಟೀಚರು. ಬಿ.ಎ., ಬಿ.ಎಡ್. ನಮ್ಮ ಮನೆತನದಲ್ಲಿ ಇಂಗ್ಲಿಷಿನ ಅರ್ಜಿ ಯಾವುದೇ ಬರಲಿ, ಎಲ್‌ಐಸಿಯದಿರಲಿ, ಗ್ಯಾಸಿನದಿರಲಿ, ನನ್ನ ತೊಡೆಯ ಮೇಲೇ ಬಂದು ಬೀಳುತ್ತದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ರಾಮನಗರದಿಂದ ಬಸ್ಸು ಹತ್ತಿದೆ. ತಂಗಿಯ ಮಗಳು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ. ಅಂದು ಅವಳಿಗೂ ರಜ. ಅವಳ ಲ್ಯಾಪ್‌ಟಾಪಿನ ಮುಂದೆ ಮೂವರೂ ಕೂತೆವು.

ಕಾರ್ಡಿನ ಹಣ ನೇರವಾಗಿ ನಮ್ಮ ಖಾತೆಗೆ ಬರುವುದಿಲ್ಲ ಎಂಬುದನ್ನು ಅಂದು ಕಲಿತೆ. ನಡುವೆ ಒಂದು ಕಂಪನಿ ಇರುತ್ತದೆ, ಪೇಮೆಂಟ್ ಗೇಟ್‌ವೇ ಎನ್ನುತ್ತಾರೆ. ಕೊಳ್ಳುವವರು ತಮ್ಮ ಹದಿನಾರು ಅಂಕಿಗಳನ್ನೂ ಕಾರ್ಡಿನ ಹಿಂದಿರುವ ಮೂರು ಅಂಕಿಗಳನ್ನೂ ಆ ಕಂಪನಿಯ ಪುಟದಲ್ಲಿ ತುಂಬುತ್ತಾರೆ, ನಮಗೆ ಅದು ಕಾಣುವುದೇ ಇಲ್ಲ. 2022ರ ಅಕ್ಟೋಬರ್ 1ರಿಂದ ಯಾವ ಅಂಗಡಿಯವರೂ ಗಿರಾಕಿಯ ಪೂರ್ತಿ ಕಾರ್ಡ್ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆಯಂತೆ. ಕಾರ್ಡಿನ ಬ್ಯಾಂಕು ಒಪ್ಪಿದ ಮೇಲೆ ಹಣ ಆ ಕಂಪನಿಗೆ ಬಂದು, ಎರಡು ಮೂರು ಕೆಲಸದ ದಿನ ಕಳೆದು, ಅವರ ಪಾಲು ಮುರಿದುಕೊಂಡು ನಮಗೆ ಬರುತ್ತದೆ. ನಾವು ಆರಿಸಿದವರು ನೂರಕ್ಕೆ ಎರಡು ರೂಪಾಯಿ, ಆ ಎರಡರ ಮೇಲೆ ಶೇಕಡ 18 ಜಿಎಸ್‌ಟಿ ಎಂದು ಹಾಕಿದ್ದರು. ಹೊರದೇಶದ ಕಾರ್ಡಾದರೆ ಇನ್ನೂ ಹೆಚ್ಚು, ಅದಕ್ಕೆ ಅನುಮತಿಯೂ ಬೇರೆ.

"ಅವರಿಗ್ಯಾಕೆ ಕೊಡ್ಬೇಕು? ಕ್ಯೂಆರ್ ಕೋಡಲ್ಲಿ ಒಂದು ಪೈಸೆ ಮುರಿಯಲ್ಲ" ಎಂದಳು ನನ್ನ ತಂಗಿ. ಮಾತೇನೋ ನ್ಯಾಯವಾದದ್ದೇ. ಆದರೆ ಸಾಲದ ಕಾರ್ಡಿನಲ್ಲಿ ಕೊಳ್ಳುವವರು, ಆಫೀಸಿನ ಕಾರ್ಡು ಹಿಡಿದವರು, ನಲವತ್ತು ಐವತ್ತರ ಲೆಕ್ಕದಲ್ಲಿ ಕೇಳುವ ಶಿಶುವಿಹಾರದವರು, ಇವರೆಲ್ಲ ರಸ್ತೆಯಿಂದ ಬರುವುದು ನಿಂತುಹೋಗಿದೆಯಲ್ಲ. ಬೇರೆ ದಾರಿಯಿಂದ ಬರಬೇಕಾದರೆ ಆ ದಾರಿಗೂ ಟೋಲ್ ಇದೆ ಎಂದೆ. ನಕ್ಕಳು.

ಅರ್ಜಿಯ ಮೊದಲನೆಯ ಪುಟದಲ್ಲಿ ಅಂಗಡಿಯ ಹೆಸರು, ವಿಳಾಸ. ಜಿಲ್ಲೆಯ ಪಟ್ಟಿಯಲ್ಲಿ ರಾಮನಗರ ಆರಿಸಿದೆವು. (ಈಗ ಅದೂ ಬದಲಾಗಿದೆ ನೋಡಿ. ನಾನು ಮಾಗಡಿಯಲ್ಲಿ ಹುಟ್ಟಿದಾಗ ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ನಾಲ್ಕು ಜಿಲ್ಲೆ ಕಂಡಿದ್ದೇನೆ, ನಾನು ಮಾತ್ರ ಎಲ್ಲೂ ಹೋಗಿಲ್ಲ.) ಎರಡನೆಯ ಪುಟ ತೆರೆಯಿತು. ಮಾಲೀಕರ ಹೆಸರು, ಪ್ಯಾನ್ ನಂಬರು, ಬ್ಯಾಂಕ್ ಖಾತೆ.

ಅಲ್ಲಿಗೆ ಮೂವರೂ ಸುಮ್ಮನಾದೆವು. ಹಿಂದಿನ ಮನೆಯಿಂದ ಲೇತಿನ ಸದ್ದು ಕೇಳುತ್ತಿತ್ತು.

ಅಂಗಡಿಯ ಹೆಸರಿನ ಕರೆಂಟ್ ಅಕೌಂಟು ಅವಳ ಗಂಡನದಿತ್ತು. 2021ರ ಮೇ ತಿಂಗಳಲ್ಲಿ, ಆ ಕೆಟ್ಟ ಎರಡನೆಯ ಅಲೆಯಲ್ಲಿ, ಅವನು ಹೋದ. ಹನ್ನೊಂದು ದಿನದಲ್ಲಿ ಮುಗಿದುಹೋದ ಕಥೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬ್ಯಾಂಕಿನವರು ಆ ಖಾತೆ ಮುಚ್ಚಿದರು. ಅಂಗಡಿ ಮತ್ತೆ ತೆರೆದಾಗ ಮೈದುನ ತನ್ನ ಖಾತೆಯ ಕ್ಯೂಆರ್ ಕೋಡು ತಂದು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ. ಸದ್ಯಕ್ಕೆ ಇರಲಿ ಎಂದಿದ್ದ. ಆ ಸದ್ಯಕ್ಕೆ ಮೂರು ವರ್ಷವಾಗಿತ್ತು. ಗಿರಾಕಿ ಕೊಟ್ಟ ಹಣ ಅವನ ಖಾತೆಗೆ ಹೋಗುತ್ತಿತ್ತು, ಶನಿವಾರ ಸಂಜೆ ಅವನು ಲೆಕ್ಕ ಮಾಡಿ ನೋಟು ತಂದು ಇವಳ ಕೈಗೆ ಕೊಡುತ್ತಿದ್ದ. ಅವನು ಮೋಸಗಾರನಲ್ಲ. ಮರ ತರುವವನು ಅವನು, ಕೆಲಸ ಮಾಡುವವನು ಅವನು. ಆದರೆ ಮಗಳ ಫೀಸು ಕಟ್ಟಬೇಕಾದಾಗ ಮಂಗಳವಾರವೇ ಹಣ ಬೇಕಾಗಿ, ಇವಳು ಶೀಟಿನ ಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳೆಂದು ಮಗಳೇ ನನಗೆ ಹೇಳಿದ್ದಾಳೆ.

"ಅವನ ಹೆಸರೇ ಹಾಕ್ಬಿಡು ಅಕ್ಕ, ಗಂಡಸರು ಇರಲಿ" ಎಂದಳು ತಂಗಿ.

"ಅಮ್ಮ, ಅಂಗಡಿ ಯಾರದು?" ಎಂದಳು ಮಗಳು.

ನಮ್ಮಮ್ಮ ಮಾಗಡಿಯಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದಳು. ನಾಲ್ಕೂವರೆಗೆ ಎದ್ದು ಕರೆಯುವವಳು ಅವಳು, ಡೈರಿಗೆ ಹೊತ್ತುಕೊಂಡು ಹೋಗುವವಳು ಅವಳು, ಪುಸ್ತಕದಲ್ಲಿ ಹೆಸರು ಅಪ್ಪನದು. ಬಟವಾಡೆ ದಿನ ಅಪ್ಪ ಶಲ್ಯ ಹೊದ್ದು ಹೋಗಿ ರುಜು ಹಾಕಿ ಬರುತ್ತಿದ್ದರು. ನಮಗೆ ಯಾರಿಗೂ ಅದು ವಿಚಿತ್ರವೆಂದು ತೋರಿರಲಿಲ್ಲ. ಅಪ್ಪ ಆ ಹಣದಲ್ಲೇ ನನ್ನನ್ನು ಓದಿಸಿದರು, ತಪ್ಪು ಹೇಳಬಾರದು. ಆದರೂ ಅಂದು ಆ ಪುಟದ ಮುಂದೆ ಕೂತಾಗ ನೆನಪಿಗೆ ಬಂದದ್ದು ಆ ಹಾಲಿನ ಪುಸ್ತಕ.

"ನಿನ್ನ ಹೆಸರೇ ಬರಿ" ಎಂದೆ. ಹೇಳುವುದು ಸುಲಭ. ಆಧಾರಿನಲ್ಲಿ ಅವಳ ಹೆಸರಿನ ಕೊನೆಗೆ 'ಅಮ್ಮ' ಇದೆ. ಬ್ಯಾಂಕಿನ ಉಳಿತಾಯ ಪುಸ್ತಕದಲ್ಲಿ 'ಅಮ್ಮ' ಇಲ್ಲ, ಗಂಡನ ಹೆಸರಿನ ಇನಿಷಿಯಲ್ ಇದೆ. ಪ್ಯಾನ್ ಕಾರ್ಡು ಇರಲೇ ಇಲ್ಲ. ಮಾಡಿಸಿದೆವು. ಅದರಲ್ಲಿ ಮದುವೆಯಾಗಿರಲಿ ಬಿಟ್ಟಿರಲಿ ತಂದೆಯ ಹೆಸರು ಹಾಕಿಸಬಹುದು, ಹಾಕಿಸಿದೆವು. ಕಾರ್ಡು ಅಂಚೆಯಲ್ಲಿ ಬಂದ ದಿನ ಅವಳು "ಅಕ್ಕ, ಅಪ್ಪನ ಹೆಸರು ಬಂದೈತೆ ನೋಡು" ಎಂದು ಫೋನಿನಲ್ಲಿ ಅತ್ತಳು.

ಮೊದಲ ಸಲ ಗೇಟ್‌ವೇ ಕಂಪನಿಯವರು ಅರ್ಜಿಯನ್ನು ತಿರಸ್ಕರಿಸಿದರು, ಹೆಸರು ಹೊಂದುವುದಿಲ್ಲವೆಂದು. ಖಾತೆಗೆ ಒಂದು ರೂಪಾಯಿ ಹಾಕಿ ಅಲ್ಲಿ ಯಾರ ಹೆಸರಿದೆಯೆಂದು ನೋಡುತ್ತಾರಂತೆ. ಆಧಾರ್ ತಿದ್ದಿಸಲು ಎರಡು ದಿನ ಸಾಲು ನಿಂತದ್ದಾಯಿತು. ಅಂಗಡಿ ಹೆಸರಿನ ಹೊಸ ಕರೆಂಟ್ ಅಕೌಂಟಿಗೆ ವ್ಯಾಪಾರದ ಪುರಾವೆ ಬೇಕು ಎಂದರು. ಅದಕ್ಕೆ ಉದ್ಯಮ್ ನೋಂದಣಿ ಮಾಡಿಸಬಹುದು, ಆಧಾರ್ ನಂಬರಿನ ಜೊತೆ ಪ್ಯಾನ್ ನಂಬರೂ ಬೇಕು. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯವನು ಸಾವಿರದ ಐನೂರು ಕೇಳಿದ. ಸರ್ಕಾರದ ಪುಟದಲ್ಲಿ ಅದು ಪೂರ್ತಿ ಉಚಿತ. ತಂಗಿಯ ಮಗಳು ರೈಲಿನಲ್ಲಿ ಕೂತೇ ಮಾಡಿ ಮುಗಿಸಿದಳು. ಓದುವ ತಂಗಿಯರೇ, ಇದೊಂದನ್ನು ಗುರುತು ಹಾಕಿಟ್ಟುಕೊಳ್ಳಿ. ಜಿಎಸ್‌ಟಿಯ ವಿಚಾರಕ್ಕೆ ಆಡಿಟರ ಹತ್ತಿರ ಹೋದದ್ದು ಇನ್ನೊಂದು ಪ್ರಬಂಧಕ್ಕಾಗುವಷ್ಟಿದೆ, ಬಿಡಿ.

ಬ್ಯಾಂಕಿನಲ್ಲಿ ಉದ್ಯೋಗ ಎಂಬ ಜಾಗದಲ್ಲಿ ಗುಮಾಸ್ತರು ಕೇಳದೆಯೇ 'ಹೌಸ್‌ವೈಫ್' ಎಂದು ಬರೆದುಬಿಟ್ಟರು. ನನ್ನ ತಂಗಿ ಮಾತಾಡುವವಳಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೆಲ್ಲಗೆ, "ಸಾರ್, ನಾನು ಬೊಂಬೆ ಕೆಲಸದೋಳು" ಎಂದಳು. ಅವರು ಹೊಡೆದುಹಾಕಿ ಬೇರೆ ಬರೆದರು, ಪಕ್ಕದಲ್ಲಿ ಇವಳ ರುಜು ಹಾಕಿಸಿದರು.

ಮೈದುನನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಲೇತು ನಿಲ್ಲಿಸಿ, ತಲೆಯ ಮೇಲಿನ ಮರದ ಹೊಟ್ಟು ಒದರಿಕೊಂಡು, ಪೂರ್ತಿ ಕೇಳಿಸಿಕೊಂಡ.

"ಈಗ ನಡೀತಾ ಇಲ್ವಾ ಮೇಡಮ್ಮೋರೆ? ಮೂರು ವರ್ಷದಲ್ಲಿ ಒಂದು ರೂಪಾಯಿ ತಿಂದಿದ್ದೀನಾ?"

"ಇಲ್ಲಪ್ಪ. ತಿಂದಿದ್ದೀಯ ಅಂತ ಯಾರೂ ಅಂದಿಲ್ಲ."

"ಮತ್ತೆ?"

ಆ ಮತ್ತೆ ಎಂಬುದಕ್ಕೆ ಮೂವತ್ತು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಮರ ತಂದ ಖರ್ಚು ಮೊದಲು ನಿನಗೆ, ಲೇತಿನ ಕೆಲಸಕ್ಕೆ ತುಂಡಿಗಿಷ್ಟು, ಲಾಭದಲ್ಲಿ ಇಷ್ಟು ಪಾಲು ಎಂದು ತಂಗಿಯ ಮಗಳು ಕಾಗದದಲ್ಲಿ ಬರೆದಿದ್ದನ್ನು ಕೊಟ್ಟೆ. ಮೊದಲು ಸಿಗುತ್ತಿದ್ದುದಕ್ಕಿಂತ ಅದು ಕಡಿಮೆಯಿರಲಿಲ್ಲ. ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಮಾರನೆಯ ದಿನದಿಂದ ಒಂಬತ್ತು ದಿನ ಲೇತು ತಿರುಗಲಿಲ್ಲ. ಹತ್ತನೆಯ ದಿನ ಬಂದ. ಈಗಲೂ ಬರುತ್ತಾನೆ, ಕೆಲಸವೂ ಮೊದಲಿನ ಹಾಗೆಯೇ ಅಚ್ಚುಕಟ್ಟು. ಆದರೆ ಹನ್ನೊಂದು ಗಂಟೆಯ ಕಾಫಿಗೆ ಒಳಗೆ ಬರುವುದಿಲ್ಲ. ಅಲ್ಲಿಗೇ ತಂದುಕೊಡಬೇಕು. ನನ್ನ ತಂಗಿಗೆ ಅದು ನೋವು. ನಾವು ಮಾಡಿದ್ದು ಸರಿಯೆಂದು ನಾನು ಈಗಲೂ ನಂಬಿದ್ದೇನೆ. ಕಾಫಿ ಲೋಟ ಹಿತ್ತಲಿಗೆ ಹೋಗುವುದನ್ನು ನೋಡಿದಾಗ ಮಾತ್ರ ಆ ನಂಬಿಕೆ ಸ್ವಲ್ಪ ಅಲುಗುತ್ತದೆ.

ಗೇಟ್‌ವೇಯವರಿಗೆ ಒಂದು ವೆಬ್‌ಸೈಟೂ ಬೇಕು. ಅದರಲ್ಲಿ ಸಾಮಾನು ಎಷ್ಟು ದಿನಕ್ಕೆ ಮುಟ್ಟುತ್ತದೆ, ಒಡೆದು ಬಂದರೆ ಏನು, ಹಣ ವಾಪಸು ಹೇಗೆ ಎಂಬುದೆಲ್ಲ ಬರೆದಿರಬೇಕು. ಇಂಗ್ಲಿಷಿನಲ್ಲಿ ನಾನೇ ಬರೆದುಕೊಟ್ಟೆ. ತಂಗಿಯ ಮಗಳು ಓದಿ ಬಿದ್ದು ಬಿದ್ದು ನಕ್ಕಳು. "ದೊಡ್ಡಮ್ಮ, ಇದು ಹೆಡ್‌ಮಾಸ್ಟರಿಗೆ ಬರೆದ ರಜಾ ಚೀಟಿ ಥರ ಇದೆ!" ಎಲ್ಲ ವಾಕ್ಯಗಳೂ 'ಐ ಬೆಗ್ ಟು ಸ್ಟೇಟ್' ಎಂದೇ ಶುರುವಾಗಿದ್ದವು.

ಇದರ ನಡುವೆ ತಂಗಿಗೆ ಒಬ್ಬ ಫೋನು ಮಾಡಿ, ತಾನು ಸೈನ್ಯದ ಅಧಿಕಾರಿ, ಶಾಲೆಗೆ ನೂರು ಬೊಂಬೆ ಬೇಕು, ಮುಂಗಡ ಕಳಿಸುತ್ತೇನೆ, ನಾನು ಕಳಿಸಿದ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಅವಳು ಒತ್ತಲು ಹೊರಟಿದ್ದಳು. ಮಗಳು ಕೈ ಹಿಡಿದುಕೊಂಡಳು. ನಮಗೆ ಹಣ ಬರಬೇಕಾದರೆ ನಾವು ಪಿನ್ನೂ ಒತ್ತಬೇಕಿಲ್ಲ, ಒಟಿಪಿಯೂ ಹೇಳಬೇಕಿಲ್ಲ. ಪಿನ್ ಒತ್ತುವುದು ಕೊಡುವವರು. ಇದನ್ನು ನಾನು ಈಗ ಹತ್ತನೇ ತರಗತಿಯ ಮಕ್ಕಳಿಗೂ ಹೇಳಿ, ಮನೆಯಲ್ಲಿ ಅಮ್ಮನಿಗೆ ಹೇಳಿ ಎನ್ನುತ್ತೇನೆ.

ಕೊನೆಗೆ ಜುಲೈ ಮುಗಿಯುವ ಹೊತ್ತಿಗೆ ಅನುಮತಿ ಬಂತು. ಅಷ್ಟರಲ್ಲಿ ಪುಣೆಯ ಮಗುವಿನ ಹುಟ್ಟುಹಬ್ಬ ಆಗಿಹೋಗಿತ್ತು. ಪ್ಲಾಸ್ಟಿಕ್ ಸಾಮಾನು ಕೊಟ್ಟೆವೆಂದು ಆಕೆ ಬೇಜಾರಿನಲ್ಲೇ ಹೇಳಿದರಂತೆ. ಲಿಂಕು ಸರಿಯಾಗಿದೆಯೇ ಎಂದು ನೋಡಬೇಕಿತ್ತಲ್ಲ. ನಾನೇ ಕೊಳ್ಳುತ್ತೇನೆ, ಮೊಮ್ಮಗನಿಗೆ ಒಂದು ಎಳೆಯುವ ಆನೆ, 450 ರೂಪಾಯಿ, ಕಳಿಸು ಎಂದೆ. ನನ್ನ ಫೋನಿಗೆ ಲಿಂಕು ಬಂತು. ಒತ್ತಿದೆ. ಕಾರ್ಡ್ ನಂಬರ್ ಎಂದು ಕೇಳಿತು.

ಕಾರ್ಡು ನಮ್ಮ ಯಜಮಾನರ ಪರ್ಸಿನಲ್ಲಿತ್ತು.

ನಗಬೇಡಿ. 1994ರಲ್ಲಿ ಕನಕಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಸಂಬಳಕ್ಕೆಂದು ಬ್ಯಾಂಕಿನಲ್ಲಿ ಖಾತೆ ತೆಗೆದೆ. ಮುಂದೆ ಎಂದೋ ಅಂಚೆಯಲ್ಲಿ ಎಟಿಎಂ ಕಾರ್ಡು ಬಂತು. ಊರಿಗೆಲ್ಲ ಒಂದೇ ಎಟಿಎಂ, ಹೋಗಿಬರುವವರು ಅವರು, ಅವರ ಹತ್ತಿರವೇ ಇರಲಿ ಎಂದು ಕೊಟ್ಟಿದ್ದೆ. ಅವರು ಎಂದೂ ಲೆಕ್ಕ ಮುಚ್ಚಿಟ್ಟವರಲ್ಲ. ಕೇಳಿದಷ್ಟು ತಂದುಕೊಡುತ್ತಾರೆ. ಅವಧಿ ಮುಗಿದು ಹೊಸ ಕಾರ್ಡುಗಳು ಬಂದಾಗಲೂ ಅವು ನೇರವಾಗಿ ಅದೇ ಪರ್ಸಿಗೆ ಹೋದವು. ತಂಗಿಯ ಮೈದುನನ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದವಳು ನಾನೇ.

ಫೋನು ಮಾಡಿ ನಂಬರು ಕೇಳಿದೆ. ಓದಿ ಹೇಳಿದರು. ಹಿಂದಿನ ಮೂರು ಅಂಕಿ ಹೇಳಲು ಕನ್ನಡಕ ಹುಡುಕಿದರು. ಹೇಳಿದರು. ಒತ್ತಿದೆ. ಒಟಿಪಿ ಕಳಿಸಿದ್ದೇವೆ ಎಂದು ಬಂತು. ನನ್ನ ಫೋನಿಗೆ ಬರಲಿಲ್ಲ. ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರೂ ಅವರದೇ.

"ರೀ, ಈಗ ಒಂದು ಮೆಸೇಜು ಬಂದಿರುತ್ತೆ, ಆರು ಅಂಕಿ ಓದಿ ಹೇಳ್ರಿ."

"ಬಂದಿದೆ. ಇದನ್ನ ಯಾರಿಗೂ ಹೇಳಬೇಡಿ ಅಂತ ಬರೆದಿದಾರೆ ಕಣೇ."

"ನಾನು ಯಾರೋ ಅಲ್ಲ ಕಣ್ರೀ, ದುಡ್ಡು ನಂದು!"

"ಅದೇನೋ ಸರಿ. ಆದರೂ ಯಾರಿಗೂ ಅಂತಲೇ ಇದೆ."

ಇಷ್ಟು ಹೊತ್ತಿಗೆ ಗಡುವು ಮುಗಿದು ಪುಟ ಮುಚ್ಚಿಕೊಂಡಿತು. ಕಾರ್ಡಿನಲ್ಲಿ ಆನ್‌ಲೈನಾಗಿ ಕಟ್ಟುವಾಗ ಹೀಗೆ ಎರಡನೆಯ ಗುರುತೊಂದು ಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲೇ ಕಡ್ಡಾಯ ಮಾಡಿದೆ. ನಮ್ಮ ಕಾಪಾಡುವ ನಿಯಮವೇ ಅದು. ತಂಗಿ ಮತ್ತು ಅವಳ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗಿನಲ್ಲಿ ದುಪ್ಪಟ್ಟದಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಸೋಮವಾರ ಅರ್ಧ ದಿನ ರಜ ಹಾಕಿ ಬ್ಯಾಂಕಿಗೆ ಹೋದೆ. ಮೊಬೈಲ್ ನಂಬರು ಬದಲಿಸುವ ಅರ್ಜಿಗೆ ಒಂದೇ ಹಾಳೆ. ಕೌಂಟರಿನಲ್ಲಿದ್ದ ಹುಡುಗಿ, ನನ್ನ ಮಗಳ ವಯಸ್ಸಿನವಳು, "ಸಾರಿಗೆ ಗೊತ್ತಾ ಮೇಡಂ?" ಎಂದು ಕೇಳಿದಳು. ಗೊತ್ತು ಎಂದೆ. ಆಮೇಲೆ ಬಸ್ಸಿನಲ್ಲಿ ಯೋಚಿಸಿದೆ, ಬೇರೆ ಏನಾದರೂ ಹೇಳಬೇಕಿತ್ತೇನೋ ಎಂದು. ಯಜಮಾನರು ಪರ್ಸಿನಿಂದ ಕಾರ್ಡು ತೆಗೆದು ಊಟದ ಮೇಜಿನ ಮೇಲಿಟ್ಟು, "ಕಳ್ಕೋಬೇಡ" ಎಂದರು.

ಮುಂದಿನ ಶನಿವಾರ ಮತ್ತೆ ಲಿಂಕು ತರಿಸಿದೆ. ನನ್ನ ಕಾರ್ಡು, ನನ್ನ ಫೋನು, ನನ್ನ ಆರು ಅಂಕಿ. ಹಸಿರು ಗುರುತು ಬಂತು. ಹಣ ತಂಗಿಯ ಖಾತೆಗೆ ಬಂದದ್ದು ಬುಧವಾರ. ಅಂದು ಸಂಜೆ ಅವಳ ಫೋನು.

"ಅಕ್ಕ, ಆನೆ ದುಡ್ಡು ಬಂತು. ಆದ್ರೆ 439 ರೂಪಾಯಿ 38 ಪೈಸೆ ಅಷ್ಟೇ ಐತೆ."

"ಒಂಬತ್ತು ರೂಪಾಯಿ ಅವರದ್ದು. ಅದರ ಮೇಲೆ ಜಿಎಸ್‌ಟಿ ಒಂದು ಅರವತ್ತೆರಡು. ಅವತ್ತೇ ಹೇಳಿರಲಿಲ್ವಾ?"

"ಇದನ್ನೂ ಪುಸ್ತಕದಲ್ಲಿ ಬರೀಬೇಕಾ?"

"ಬರಿ."

ದಸರೆಯ ರಜೆಯಲ್ಲಿ ಹೋದಾಗ ಆ ಪುಸ್ತಕ ನೋಡಿದೆ. ಬೊಂಬೆಗೆ ಹುಬ್ಬು ಬರೆಯುವ ಸಣ್ಣ ಕುಂಚದಷ್ಟೇ ತೆಳ್ಳಗಿನ ಅಕ್ಷರ. ಪುಣೆಯವರು ನವರಾತ್ರಿಗೆ ರಾಜ ರಾಣಿ ತರಿಸಿದ್ದೂ, ಒಂದು ಶಿಶುವಿಹಾರದವರು ಕಾರ್ಡಿನಲ್ಲಿ ಕಟ್ಟಿದ್ದೂ ಅದರಲ್ಲಿದ್ದವು. ಹಳೆಯ ಭಾನುವಾರಗಳಿಗೆ ಸಮನಲ್ಲ, ಆದರೆ ಅಕ್ಕಿ ಆರಿಸುವಷ್ಟು ಬಿಡುವೂ ಇಲ್ಲ. ಮೊದಲನೆಯ ಪುಟದಲ್ಲಿ, ಆಗಸ್ಟ್ ತಿಂಗಳಲ್ಲಿ, ಅಕ್ಕ, ಆನೆ 1, 450 ಎಂದು ಬರೆದು, ಎದುರು ಕಾಲಮ್ಮಿನಲ್ಲಿ ಕಾರ್ಡಿನವರಿಗೆ 10.62 ಎಂದಿದ್ದಳು. ಅದರ ಕೆಳಗೆ, ಶನಿವಾರದ ಬಟವಾಡೆ ಎಂದು ಮೈದುನನ ಹೆಸರು, ಮೊತ್ತ, ಅವನ ರುಜು.